ಜೀನ್ ಎರಡಾದರೆ ಕೆಲಸ ಯಾರಿಗೆ? ಯೀಸ್ಟಿನ ಹಳೆ ಹಿಸ್ಸೆಯ ಕಥೆ

ಆಲೆಮನೆಯ ಗಾಣದ ಕೆಳಗೆ ಚೆಲ್ಲಿದ ಕಬ್ಬಿನ ಹಾಲು ಬೆಳಗಾಗುವುದರೊಳಗೆ ಹುಳಿಯಾಗಿರುತ್ತದೆ. ಬಗ್ಗಿ ಮೂಸಿದರೆ ಹೆಂಡದ ವಾಸನೆ. ಮಂಡ್ಯ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆ ವಾಸನೆ ಎಬ್ಬಿಸುವುದರಲ್ಲಿ ಯೀಸ್ಟ್‌ಗಳ ಕೈ ಇದೆ. ಬೇಕರಿಯಲ್ಲಿ ಬನ್ನು ಉಬ್ಬಿಸುವ ಸ್ಯಾಕರೋಮೈಸಿಸ್ ಸೆರೆವಿಸಿಯೆ ಕೂಡ ಒಂದು ಯೀಸ್ಟೇ.

ನಾನು ಡಿಗ್ರಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹೆಚ್ಚುಕಡಿಮೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. 'ಒಂದಿದ್ದ ಜೀನ್ ಎರಡಾದರೆ ಆ ಎರಡನೆಯದು ಏನು ಮಾಡುತ್ತೆ?' ಜೀನ್ ಅಂದರೆ ಪ್ರೋಟೀನ್ ಮಾಡಲು ಕೋಶದಲ್ಲಿರುವ ಬರಹ. ನೋಟ್ಸಿನಲ್ಲಿ ಒಂದೇ ಸಾಲಿನ ಉತ್ತರ ಇರುತ್ತದೆ. ಒಂದು ಹಳೆ ಕೆಲಸ ಮಾಡಿಕೊಂಡಿರುತ್ತದೆ, ಇನ್ನೊಂದು ಹೊಸ ಕೆಲಸ ಕಲಿಯುತ್ತದೆ. ಅಷ್ಟೇ. ಇದನ್ನು ತಪ್ಪು ಅನ್ನಲಾರೆ. ಆದರೆ ಇದು 1970ರ ಉತ್ತರ. ಆಮೇಲೆ ತುಂಬಾ ನಡೆದಿದೆ, ತುಂಬಾ ಸಿಕ್ಕೂ ಆಗಿದೆ.

ಜೀನ್ ನಕಲಾದರೆ ಅದರಿಂದ ಹೊಸದು ಹುಟ್ಟಬಹುದು ಎಂಬ ಯೋಚನೆ 1930ರ ದಶಕದ್ದು. ಹಾಗೆ ಹೇಳಿದವರಲ್ಲಿ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಒಬ್ಬರು. ಕೊನೆಗಾಲದಲ್ಲಿ ಭಾರತಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. 1970ರಲ್ಲಿ ತಳಿವಿಜ್ಞಾನಿ ಸುಸುಮು ಓನೊ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. 1996ರಲ್ಲಿ ಬೇಕರಿ ಯೀಸ್ಟಿನ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಪೂರ್ತಿ ಓದಿ ಆಯಿತು. ಕೋಶದೊಳಗೆ ನ್ಯೂಕ್ಲಿಯಸ್ ಇರುವ ಜೀವಿಗಳಲ್ಲಿ ಅದೇ ಮೊದಲನೆಯದು. ಸುಮಾರು 6,000 ಜೀನ್, ಅವು ಸಾಲಾಗಿ ಕೂತಿರುವ ದಾರಗಳು, ಅಂದರೆ ಕ್ರೋಮೋಸೋಮ್‌ಗಳು, 16.

ಮರುವರ್ಷವೇ ಡಬ್ಲಿನ್‌ನ ಕೆನ್ ವುಲ್ಫ್ ಮತ್ತು ಡೆನಿಸ್ ಶೀಲ್ಡ್ಸ್ ಒಂದು ವಿಷಯ ಗಮನಿಸಿದರು. ಒಂದು ಕ್ರೋಮೋಸೋಮಿನಲ್ಲಿ ಸಾಲಾಗಿ ಕೂತ ಜೀನ್‌ಗಳ ಜೋಡಿಗಳು ಇನ್ನೊಂದರಲ್ಲಿ ಅದೇ ಸಾಲಿನಲ್ಲಿ ಕೂತಿವೆ. ಅಲ್ಲೊಂದು ಇಲ್ಲೊಂದು ನಕಲಾಗಿದ್ದರೆ ಈ ಸಾಲು ಉಳಿಯುತ್ತಿರಲಿಲ್ಲ. ಸುಮಾರು 10 ಕೋಟಿ ವರ್ಷದ ಹಿಂದೆ ಇಡೀ ಜೀನೋಮೇ ಎರಡಾಗಿರಬೇಕು ಅಂದರು. ನಂಬದವರು ಇದ್ದರು. 2004ರಲ್ಲಿ 8 ಕ್ರೋಮೋಸೋಮಿನ ಇನ್ನೊಂದು ಯೀಸ್ಟ್ ಓದಿದಾಗ, ಅದರ ಒಂದೊಂದು ತುಂಡಿಗೂ ಬೇಕರಿ ಯೀಸ್ಟಿನಲ್ಲಿ ಎರಡೆರಡು ತುಂಡು ಹೊಂದಿಕೊಂಡವು. ನಂಬದವರ ವಾದ ಅಲ್ಲಿಗೆ ಮುಗಿಯಿತು.

ಎರಡಾದದ್ದರಲ್ಲಿ ಹೆಚ್ಚಿನದು ಉಳಿಯಲಿಲ್ಲ. ಸುಮಾರು 5,000 ಜೋಡಿಗಳಲ್ಲಿ ಇಂದು ಜೋಡಿಯಾಗಿಯೇ ಇರುವುದು 550ರ ಆಸುಪಾಸು. ಉಳಿದ ಕಡೆ ಒಂದು ಅಳಿಸಿಹೋಗಿ ಇನ್ನೊಂದು ಉಳಿದಿದೆ. ಆ 550 ಯಾಕೆ ಉಳಿದವು? ನಿಜವಾದ ಪ್ರಶ್ನೆ ಇದು.

ನನಗೆ ತುಂಬಾ ಇಷ್ಟವಾದ ಜೋಡಿ ಗ್ಯಾಲ್-1 ಮತ್ತು ಗ್ಯಾಲ್-3. ಹಾಲಿನ ಸಕ್ಕರೆ ಒಡೆದರೆ ಗ್ಲೂಕೋಸ್ ಜೊತೆ ಗ್ಯಾಲಕ್ಟೋಸ್ ಸಿಗುತ್ತದೆ. ಅದನ್ನು ಬಳಸಿಕೊಳ್ಳಲು ಯೀಸ್ಟಿಗೆ ಎರಡು ಕೆಲಸ ಆಗಬೇಕು. ಗ್ಯಾಲಕ್ಟೋಸ್ ಬಂದಿದೆ ಎಂದು ಪತ್ತೆ ಹಚ್ಚಬೇಕು. ಆಮೇಲೆ ಅದನ್ನು ಒಗ್ಗಿಸುವ ಮೊದಲ ಹೆಜ್ಜೆ ಇಡಬೇಕು. ಬೇಕರಿ ಯೀಸ್ಟಿನಲ್ಲಿ ಪತ್ತೆ ಹಚ್ಚುವುದು ಗ್ಯಾಲ್-3, ಒಗ್ಗಿಸುವುದು ಗ್ಯಾಲ್-1. ಇದರ ದೂರದ ನೆಂಟ ಕ್ಲೂವೆರೋಮೈಸಿಸ್ ಲ್ಯಾಕ್ಟಿಸ್ ಹಾಲಿನ ಪದಾರ್ಥಗಳಲ್ಲಿ ಸಿಗುವ ಯೀಸ್ಟ್. ಅದರ ಜೀನೋಮ್ ಎರಡಾಗಿಲ್ಲ. ಅಲ್ಲಿ ಎರಡೂ ಕೆಲಸ ಒಂದೇ ಜೀನಿನದ್ದು.

ಒಂದೇ ಜೀನ್ ಎರಡೂ ಮಾಡಿದರೆ ಏನು ಕಷ್ಟ? ಆಲೆಮನೆಯನ್ನೇ ನೋಡಿ. ಕೊಪ್ಪರಿಗೆ ಮುಂದೆ ನಿಂತವನು ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಾನೆ. ಹಿಂದೆ ಒಲೆಬಾಯಲ್ಲಿ ಇನ್ನೊಬ್ಬ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಿರುತ್ತಾನೆ. ಒಬ್ಬನೇ ಎರಡೂ ಮಾಡಬಹುದು, ಮಾಡುವುದನ್ನು ನೋಡಿದ್ದೇನೆ. ಆದರೆ ಒಲೆಗೆ ಬಗ್ಗಿದಾಗ ಹದ ತಪ್ಪುತ್ತದೆ, ಹದ ನೋಡುತ್ತಾ ನಿಂತರೆ ಉರಿ ಇಳಿಯುತ್ತದೆ. ಜೀನಿನ ಪಾಡೂ ಇದೇ. ಪತ್ತೆ ಹಚ್ಚುವ ಪ್ರೋಟೀನ್ ಯಾವಾಗಲೂ ಸ್ವಲ್ಪ ಇರಲೇಬೇಕು, ಇಲ್ಲದಿದ್ದರೆ ಸಕ್ಕರೆ ಬಂದದ್ದೇ ಗೊತ್ತಾಗುವುದಿಲ್ಲ. ಒಗ್ಗಿಸುವ ಪ್ರೋಟೀನ್ ಸುಮ್ನೆ ಇದ್ದರೆ ದಂಡ. ಬೇಕಾದಾಗ ಮಾತ್ರ ರಾಶಿ ಬೇಕು. ಜೀನನ್ನು ಏರಿಸಿ ಇಳಿಸುವ ಒಂದೇ ಸ್ವಿಚ್ಚಿನಲ್ಲಿ ಇವೆರಡನ್ನೂ ಸರಿಯಾಗಿ ಮಾಡಲು ಆಗುವುದಿಲ್ಲ. ಜೋಡಿಯಾದ ಮೇಲೆ ಗ್ಯಾಲ್-1ರ ಸ್ವಿಚ್ಚು ಬಿಗಿಯಾಯಿತು. ಗ್ಯಾಲಕ್ಟೋಸ್ ಸಿಕ್ಕಾಗ ಅದು ಸಾವಿರ ಪಟ್ಟು ಏರುತ್ತದೆ. ಗ್ಯಾಲ್-3 ತಣ್ಣಗೆ ಕಾವಲು ಕಾಯುತ್ತದೆ. ಕ್ರಿಸ್ ಹಿಟಿಂಜರ್ ಮತ್ತು ಶಾನ್ ಕ್ಯಾರಲ್ ಇದನ್ನು 2007ರಲ್ಲಿ ಜೀನ್‌ಗಳನ್ನು ಅದಲುಬದಲು ಮಾಡಿ, ಯೀಸ್ಟ್‌ಗಳನ್ನು ಒಂದರ ಎದುರು ಒಂದು ಬೆಳೆಸಿ ತೋರಿಸಿದರು.

ಅದಕ್ಕೂ ಮುಂಚೆ, 2000ದಲ್ಲಿ, ಇನ್ನೊಂದು ಪ್ರಯೋಗ ಆಗಿತ್ತು. ಗ್ಯಾಲ್-3 ಪ್ರೋಟೀನಿಗೆ ಬರೀ ಎರಡು ಅಮೈನೋ ಆಮ್ಲ (ಪ್ರೋಟೀನ್ ಎಂಬ ಸಾಲಿನ ಅಕ್ಷರಗಳು ಇವು) ಸೇರಿಸಿದರು. ಕಳೆದುಕೊಂಡಿದ್ದ ಒಗ್ಗಿಸುವ ಕೆಲಸ ಅದಕ್ಕೆ ಮರಳಿ ಬಂತು! 10 ಕೋಟಿ ವರ್ಷದ ನಂತರವೂ ಹಳೆ ಕಸುಬು ಎರಡೇ ಅಕ್ಷರದ ದೂರದಲ್ಲಿತ್ತು. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ಹೊಸ ಕೆಲಸ ಎಲ್ಲಿದೆ ಹೇಳಿ? ಇದ್ದ ಕೆಲಸವನ್ನೇ ಹಿಸ್ಸೆ ಮಾಡಿಕೊಂಡು, ಇಬ್ಬರೂ ತಮ್ಮ ಪಾಲಿನದನ್ನು ಮೊದಲಿಗಿಂತ ಚೆನ್ನಾಗಿ ಮಾಡಿದರು, ಅಲ್ವಾ? 1999ರಿಂದಲೇ ಈ ಹಿಸ್ಸೆಯ ಮಾತು ಶುರುವಾಗಿತ್ತು. ನಮ್ಮ ನೋಟ್ಸಿಗೆ ಮಾತ್ರ ಅದು ಇನ್ನೂ ಬಂದಿಲ್ಲ. 'ಹೊಸದು' ಎಂಬ ಮಾತಿಗೆ ಜಾಸ್ತಿ ತೂಕ ಕೊಟ್ಟುಬಿಟ್ಟಿದ್ದೇವೆ ಅಂತ ನನಗೆ ಅನಿಸುತ್ತದೆ.

ಮಾಲ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಪ್ರೋಟೀನ್‌ಗಳ, ಅಂದರೆ ಎನ್‌ಜೈಮ್‌ಗಳ, ಕಥೆಯೂ ಇದಕ್ಕೆ ಹತ್ತಿರ. 2012ರಲ್ಲಿ ಬೆಲ್ಜಿಯಂನ ಒಂದು ತಂಡ ಇಂದಿನ ಜೀನ್‌ಗಳನ್ನು ಹೋಲಿಸಿ, ಯಾವತ್ತೋ ಮರೆಯಾದ ಪೂರ್ವಜ ಎನ್‌ಜೈಮನ್ನು ಲ್ಯಾಬಿನಲ್ಲಿ ಮತ್ತೆ ಮಾಡಿತು. ಅದು ಮಾಲ್ಟೋಸ್ ಥರದ ಸಕ್ಕರೆಯನ್ನು ಚೆನ್ನಾಗಿ ಒಡೆಯುತ್ತಿತ್ತು, ಐಸೋಮಾಲ್ಟೋಸ್ ಥರದ್ದನ್ನು ಅಷ್ಟಿಷ್ಟು. ನಕಲುಗಳಾದ ಮೇಲೆ ಕೆಲವು ಮೊದಲನೆಯದನ್ನು ಹಿಡಿದವು, ಕೆಲವು ಎರಡನೆಯದನ್ನು.

ಎಲ್ಲ ಜೋಡಿಗಳೂ ಹೀಗೆ ಅಲ್ಲ. ಪ್ರೋಟೀನ್ ತಯಾರಿಸುವ ರೈಬೋಸೋಮಿನ ಜೀನ್‌ಗಳು ಜೋಡಿಯಾಗಿಯೇ ಜಾಸ್ತಿ ಉಳಿದಿವೆ, ಹೆಚ್ಚುಕಡಿಮೆ ಒಂದೇ ಥರ ಇವೆ. ಅಲ್ಲಿ ಬೇಕಾಗಿದ್ದದ್ದು ಜಾಸ್ತಿ ಮಾಲು, ಅಷ್ಟೇ.

2015ರಲ್ಲಿ ಮಾತು ಮತ್ತೆ ತಿರುಗಿತು. ಬಾರ್ಸಿಲೋನಾದ ಮಾರ್ಸೆಟ್-ಹೂಬೆನ್ ಮತ್ತು ಗಬಲ್ಡೋನ್ ಜೋಡಿಗಳ ವಂಶವೃಕ್ಷ ಬರೆದು ನೋಡಿದರು. ಎಷ್ಟೋ ಜೋಡಿಗಳು ಬೇರೆಯಾದದ್ದು ಜೀನೋಮ್ ಎರಡಾಗುವುದಕ್ಕಿಂತ ಹಿಂದೆ. ಅಂದರೆ ಒಂದೇ ಯೀಸ್ಟ್ ತನ್ನನ್ನು ನಕಲು ಮಾಡಿಕೊಂಡಿದ್ದಲ್ಲ, ಎರಡು ಬೇರೆ ಜಾತಿಯ ಯೀಸ್ಟ್‌ಗಳು ಕೂಡಿವೆ ಎಂಬುದು ಅವರ ವಾದ. ಇಂಥ ಬೆರಕೆ ಯೀಸ್ಟಿನಲ್ಲಿ ಅಪರೂಪವೇನಲ್ಲ. ಲಾಗರ್ ಬಿಯರಿನ ಯೀಸ್ಟೂ ಬೆರಕೆಯೇ. ಅದರ ಒಂದು ಕಡೆಯ ಪೂರ್ವಜ ದಕ್ಷಿಣ ಅಮೆರಿಕದ ಪಟಗೋನಿಯಾದ ಕಾಡಿನಲ್ಲಿ ಸಿಕ್ಕಿದ ಸುದ್ದಿ 2011ರಲ್ಲಿ ಬಂತು. ಈ ವಾದ ನನಗೂ ಸರಿ ಅನಿಸುತ್ತದೆ. ಇದು ನಿಜವಾದರೆ ಎಷ್ಟೋ ಜೋಡಿಗಳು ಕೂಡಿದ ದಿನವೇ ಬೇರೆ ಬೇರೆಯಾಗಿದ್ದವು. ಅಂಥ ಕಡೆ ಯಾವುದು ಮೂಲ, ಯಾವುದು ನಕಲು ಎಂದು ಕೇಳಲು ಬರುವುದಿಲ್ಲ. 550ರಲ್ಲಿ ಗ್ಯಾಲ್ ಜೋಡಿಯಷ್ಟು ಬಿಡಿಸಿ ನೋಡಿರುವುದು ಕೆಲವನ್ನೇ. ಉಳಿದವನ್ನು ಒಂದೊಂದಾಗಿ ನೋಡುತ್ತಾ ಹೋಗಬೇಕು.