‘ಯೂಸ್ಡ್ ಟು’: ಬರೆಯುವಾಗ ಎಡವುವ ಜಾಗಗಳು

ಕನ್ನಡದ ‘ಹೋಗುತ್ತಿದ್ದೆ’ ಎರಡು ಕಡೆ ನಡೆಯುತ್ತದೆ. ‘ಕಾಲೇಜಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲೇ ಹೋಗುತ್ತಿದ್ದೆ’ ಅಂದರೆ ಹಿಂದಿನ ರೂಢಿ. ‘ನೀವು ಫೋನ್ ಮಾಡುವಾಗ ಬಸ್ಸಲ್ಲಿ ಹೋಗುತ್ತಿದ್ದೆ’ ಅಂದರೆ ಆ ಹೊತ್ತಿನ ಕೆಲಸ. ಇಂಗ್ಲಿಷಿನ ‘ಐ ಯೂಸ್ಡ್ ಟು ಗೋ’ ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ‘ಐ ವಾಸ್ ಗೋಯಿಂಗ್’.

ಈ ಪ್ರಯೋಗದೊಳಗೆ ‘ಈಗ ಹಾಗಿಲ್ಲ’ ಎಂಬ ಸೂಚನೆಯೂ ಇರುತ್ತದೆ. ‘ಉಡುಪಿ ಯೂಸ್ಡ್ ಟು ಬಿ ಪಾರ್ಟ್ ಆಫ್ ದಕ್ಷಿಣ ಕನ್ನಡ’ ಸರಿ, 1997ರಲ್ಲಿ ಅದು ಬೇರೆ ಜಿಲ್ಲೆಯಾಯಿತು. ‘ಮಲ್ಪೆ ಯೂಸ್ಡ್ ಟು ಬಿ ಆನ್ ದ ಕೋಸ್ಟ್’ ಅಂತ ಬರೆದರೆ ಸಮುದ್ರ ಎತ್ತ ಹೋಯಿತು ಮಾರಾಯ್ರೆ ಅಂತ ಕೇಳಿಯಾರು.

ಹೆಚ್ಚು ಅಂಕ ಹೋಗುವುದು ಅವಧಿ ಸೇರಿಸಿದಾಗ. ‘ಐ ಯೂಸ್ಡ್ ಟು ಲಿವ್ ಇನ್ ಮಣಿಪಾಲ ಫಾರ್ ತ್ರೀ ಇಯರ್ಸ್’ ತಪ್ಪು. ಇಷ್ಟು ವರ್ಷ, ಇಷ್ಟು ಸಲ ಎಂದು ಲೆಕ್ಕ ಕೊಟ್ಟರೆ ಸಾದಾ ಭೂತಕಾಲ ಸಾಕು: ‘ಐ ಲಿವ್ಡ್’. ಆದರೆ ‘ಎಷ್ಟು ದಿನಕ್ಕೊಮ್ಮೆ’ ಎಂದು ಹೇಳಲು ಅಡ್ಡಿಯಿಲ್ಲ. ‘ದ ಪರ್ಯಾಯ ಯೂಸ್ಡ್ ಟು ಚೇಂಜ್ ಎವ್ರಿ ಟು ಮಂತ್ಸ್’ ಸರಿಯಾದ ವಾಕ್ಯ. ಪರ್ಯಾಯ ಅಂದರೆ ಉಡುಪಿ ಕೃಷ್ಣಮಠದ ಪೂಜೆಯ ಸರದಿ; ಯತಿ ವಾದಿರಾಜರು ಅದನ್ನು ಎರಡು ವರ್ಷಕ್ಕೆ ಏರಿಸುವ ಮೊದಲಿನ ಪದ್ಧತಿ ಅದು.

ಮಾತಿನಲ್ಲಿ ‘ಯೂಸ್ಟು’ ಎಂದಷ್ಟೇ ಕೇಳುವುದರಿಂದ ಬರೆಯುವಾಗ ಕೊನೆಯ ‘ಡಿ’ ಅಕ್ಷರ ಬಿಟ್ಟುಹೋಗುತ್ತದೆ. ಅದನ್ನು ಬಿಡಬೇಕಾದದ್ದು ‘ಡಿಡ್’ ಬಂದಾಗ ಮಾತ್ರ: ‘ಐ ಡಿಡ್ ನಾಟ್ ಯೂಸ್ ಟು ಈಟ್ ಫಿಶ್’. ಅರ್ಜಿ, ಪ್ರಬಂಧಗಳಿಗೆ ‘ನೆವರ್ ಯೂಸ್ಡ್ ಟು’ ಇನ್ನೂ ಚೆನ್ನ. ವರ್ತಮಾನದ ರೂಢಿಗೆ ‘ಐ ಯೂಸ್ ಟು ಗೆಟ್ ಅಪ್ ಅಟ್ ಸಿಕ್ಸ್’ ಎಂಬ ರೂಪವೇ ಇಲ್ಲ; ‘ಐ ಯೂಶುವಲಿ ಗೆಟ್ ಅಪ್’ ಬರೆಯಿರಿ.

‘ಯೂಸ್ಡ್ ಟು’ವಿನ ಹಿಂದೆ ‘ಆ್ಯಮ್, ಈಸ್, ಆರ್’ ಅಥವಾ ‘ಗೆಟ್’ ಬಂದರೆ ಅರ್ಥವೇ ಬೇರೆ: ಅಭ್ಯಾಸವಾಗಿದೆ, ಒಗ್ಗಿದೆ. ಆಗ ಮುಂದೆ ನಾಮಪದ ಅಥವಾ ‘ಇಂಗ್’ ರೂಪ ಬೇಕು: ‘ಐ ಆ್ಯಮ್ ಯೂಸ್ಡ್ ಟು ದ ರೈನ್’, ‘ಶಿ ಗಾಟ್ ಯೂಸ್ಡ್ ಟು ರೈಡಿಂಗ್ ಇನ್ ದ ರೈನ್’. ಇಲ್ಲಿ ‘ಟು ರೈಡ್’ ಬರೆದರೆ ತಪ್ಪು. ‘ಕಾಯರ್ ಈಸ್ ಯೂಸ್ಡ್ ಟು ಮೇಕ್ ರೋಪ್’ ನೋಡಿ ಗೊಂದಲ ಬೇಡ. ಅಲ್ಲಿ ನಾರನ್ನು ಹಗ್ಗಕ್ಕೆ ‘ಬಳಸುತ್ತಾರೆ’ ಎಂದರ್ಥ, ಹಾಗಾಗಿ ‘ಮೇಕ್’ ಹಾಗೇ ಉಳಿಯುತ್ತದೆ.