ಡಿ ಡ್ರೈವ್‌ನ ಫೈಲು ಬೇಗ ಸಿಗಬೇಕಾದರೆ

ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ದುರಸ್ತಿಗೆ ಬರುವ ಕಂಪ್ಯೂಟರುಗಳ ಬಗ್ಗೆ ನಾನು ಮತ್ತೆ ಮತ್ತೆ ಕೇಳುವ ದೂರೆಂದರೆ, ಫೈಲು ಹುಡುಕಲು ಬಹಳ ಹೊತ್ತು ಹಿಡಿಯುತ್ತದೆ, ರ‍್ಯಾಮ್ ಹೆಚ್ಚಿಸಿಕೊಡಿ ಎಂಬುದು. ಹೆಚ್ಚಿನವರಿಗೆ ಆ ಖರ್ಚು ಬೇಕಾಗಿರುವುದಿಲ್ಲ.

ವಿಂಡೋಸ್ ತಾನು ಮೊದಲೇ ಸಿದ್ಧಪಡಿಸಿಟ್ಟ ಇಂಡೆಕ್ಸ್‌ನಲ್ಲಿ, ಅಂದರೆ ಪುಸ್ತಕದ ಕೊನೆಯ ಪದಸೂಚಿಯಂಥ ಪಟ್ಟಿಯಲ್ಲಿ ನೋಡಿದರೆ ಉತ್ತರ ತಕ್ಷಣ ಸಿಗುತ್ತದೆ. ಪಟ್ಟಿಗೆ ಸೇರದ ಜಾಗವಾದರೆ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡಬೇಕಾಗುತ್ತದೆ. ‘ಕ್ಲಾಸಿಕ್’ ಎಂಬ ಸಾಮಾನ್ಯ ಏರ್ಪಾಡಿನಲ್ಲಿ ಈ ಪಟ್ಟಿಗೆ ಸೇರುವುದು ಮುಖ್ಯವಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್ ಫೋಲ್ಡರುಗಳು ಮಾತ್ರ. ನಮ್ಮಲ್ಲಿ ಅಡಿಕೆ ಮಂಡಿಯ ಲೆಕ್ಕದಿಂದ ಹಿಡಿದು ಮದುವೆಯ ಫೋಟೋಗಳವರೆಗೆ ಎಲ್ಲವೂ ಇರುವುದು ಡಿ ಡ್ರೈವ್‌ನಲ್ಲಿ. ವಿಂಡೋಸ್ ಕೆಟ್ಟು ಸಿ ಡ್ರೈವ್ ಅಳಿಸಬೇಕಾಗಿ ಬಂದರೂ ಡಿ ಉಳಿಯುತ್ತದೆಂಬ ಕಾರಣಕ್ಕೆ ಬೆಳೆದ ಈ ರೂಢಿ ಒಳ್ಳೆಯದೇ. ಆದರೆ ವಕೀಲರ ಕಚೇರಿಯ ಗುಮಾಸ್ತರು ಅಲ್ಲಿ ‘ಪಹಣಿ’ ಎಂದು ಹುಡುಕಿದಾಗ ಮೇಲ್ಗಡೆ ಹಸಿರು ಗೆರೆ ತೆವಳುತ್ತಲೇ ಇರುವುದಕ್ಕೂ ಅದೇ ಕಾರಣ. ನಿಮಿಷಕ್ಕೆ 7200 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಒಂದು ಸೆಕೆಂಡಿನಲ್ಲಿ ಸುಮಾರು ನೂರು ಬೇರೆ ಬೇರೆ ಜಾಗಗಳನ್ನಷ್ಟೇ ಓದಬಲ್ಲದು. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಡಿಸ್ಕ್ ಹಾಕಿದರೆ ಈ ಕಾಯುವಿಕೆ ಬಹಳ ಕಡಿಮೆಯಾಗುವುದು ನಿಜ. ಆದರೂ ಪಟ್ಟಿಯನ್ನು ಸರಿಪಡಿಸಲು ಹಣವೇ ಬೇಡವಾದ್ದರಿಂದ ಮೊದಲು ಅದನ್ನು ಮಾಡಿ ನೋಡಬೇಕು.

ಕಂಟ್ರೋಲ್ ಪ್ಯಾನೆಲ್‌ನ ‘ಇಂಡೆಕ್ಸಿಂಗ್ ಆಪ್ಷನ್ಸ್’ ತೆರೆದು, ‘ಮಾಡಿಫೈ’ ಒತ್ತಿ, ಡಿ ಡ್ರೈವ್‌ನಲ್ಲಿ ಕಚೇರಿಯ ಕಾಗದಪತ್ರಗಳಿರುವ ಫೋಲ್ಡರಿಗೆ ಗುರುತು ಹಾಕಿ. ಇಡೀ ಕಂಪ್ಯೂಟರನ್ನು ಪಟ್ಟಿಗೆ ಸೇರಿಸುವ ‘ಎನ್‌ಹಾನ್ಸ್ಡ್’ ಆಯ್ಕೆಯೂ ಇದೆ. ಬ್ಯಾಟರಿಯ ಮೇಲೂ ಪ್ರೊಸೆಸರಿನ ಮೇಲೂ ಹೊರೆ ಹೆಚ್ಚುವುದರಿಂದ ನಾನು ಅದನ್ನು ಸಲಹೆ ಮಾಡುವುದಿಲ್ಲ. ನೀವು ಕೆಲಸ ಮಾಡುತ್ತಿರುವಾಗ ಇಂಡೆಕ್ಸ್ ತಯಾರಿ ನಿಧಾನವಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಪದೇ ಪದೇ ಹೋಗುವ ಊರುಗಳಲ್ಲಿ, ಯುಪಿಎಸ್ ಇಲ್ಲದ ಯಂತ್ರ ಬರೆಯುತ್ತಿರುವಾಗಲೇ ಆರಿಹೋಗಿ ಈ ಪಟ್ಟಿ ಹಾಳಾಗುವುದೂ ಉಂಟು. ಇದ್ದಕ್ಕಿದ್ದಂತೆ ಫೈಲುಗಳು ಸಿಗದಂತಾದರೆ ‘ಅಡ್ವಾನ್ಸ್ಡ್’ ಒಳಗಿನ ‘ರೀಬಿಲ್ಡ್’ ಒತ್ತಿ, ಕರೆಂಟು ಹೋಗುವುದಿಲ್ಲವೆಂಬ ಭರವಸೆಯಿರುವ ದಿನ ಯಂತ್ರವನ್ನು ಅದರ ಪಾಡಿಗೆ ಬಿಡಿ. ಹೆಸರಿನಿಂದಷ್ಟೇ ಹುಡುಕುವವರಿಗೆ ‘ಎವೆರಿಥಿಂಗ್’ ಎಂಬ ಉಚಿತ ತಂತ್ರಾಂಶ ಸಾಕು. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಬಳಸುವ ಡ್ರೈವ್ ತಾನೇ ಇಟ್ಟುಕೊಂಡಿರುವ ಫೈಲುಗಳ ಮುಖ್ಯ ಕೋಷ್ಟಕವನ್ನು ಅದು ನೇರವಾಗಿ ಓದಿಕೊಳ್ಳುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿದೆ. ಇದರ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲವೆಂಬ ಬೇಸರ ನನಗಿದೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಸಂಕೇತ ಪದ್ಧತಿ) ಅಲ್ಲದ ಫಾಂಟಿನಲ್ಲಿ ಟೈಪಿಸಿದ ಪತ್ರ ತೆರೆಯ ಮೇಲೆ ಕನ್ನಡವಾಗಿ ಕಂಡರೂ, ಫೈಲಿನೊಳಗೆ ಉಳಿದಿರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಯೂನಿಕೋಡ್‌ನಲ್ಲಿ ‘ಪಹಣಿ’ ಎಂದು ಎಷ್ಟು ಸಲ ಹುಡುಕಿದರೂ ಅದು ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ, ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವುದು) ಮಾಡಿರದಿದ್ದರೆ, ಬರೀ ಚಿತ್ರ. ಹಳೆಯ ಪತ್ರಗಳನ್ನೆಲ್ಲ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತರುವುದು ದೊಡ್ಡ ಕೆಲಸವೆನಿಸಿದರೆ, ಕಡೇಪಕ್ಷ ಫೈಲಿನ ಹೆಸರಿನಲ್ಲಿ ಕಕ್ಷಿದಾರರ ಹೆಸರು, ಊರು, ಸರ್ವೆ ನಂಬರು, ವರ್ಷ ಇವನ್ನು ಒಂದೇ ಪದವಾಗಿ ಅಂಟಿಸದೆ ನಡುವೆ ಜಾಗ ಬಿಟ್ಟು ಬರೆಯಿರಿ. ಒಳಗಿನ ಬರಹ ಯಾವ ಲಿಪಿಸಂಕೇತದಲ್ಲಿದ್ದರೂ ಆಗ ಹೆಸರಿನಿಂದಲೇ ಫೈಲು ಸಿಗುತ್ತದೆ.