ಚರ್ಮದ ಮೇಲಿನಿಂದ ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆ: ಅಧ್ಯಯನ ಟಿಪ್ಪಣಿ

ಮಲೆನಾಡಿನಲ್ಲಿ ಬೆನ್ನುಹುರಿಯ ಗಾಯವೆಂದರೆ ನನಗೆ ಮೊದಲು ನೆನಪಾಗುವುದು ಅಡಿಕೆ ಮರ. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಲೆಂದೋ ಬೋರ್ಡೋ ದ್ರಾವಣ ಹೊಡೆಯಲೆಂದೋ ಪಾಚಿಗಟ್ಟಿದ ಮರವನ್ನೇರಿ, ಜಾರಿ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡವರು ಇಲ್ಲಿದ್ದಾರೆ. ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಓದುತ್ತಿರುವ ನಮ್ಮನ್ನು ಅಂಥವರ ಮನೆಯವರು "ಕರೆಂಟ್ ಕೊಡಿಸಿದ್ರೆ ಕಾಲಿಗೆ ಶಕ್ತಿ ಬರ್ತದಾ?" ಎಂದು ಕೇಳುತ್ತಾರೆ. ಉತ್ತರಿಸುವ ಮೊದಲು, ವಿದ್ಯುತ್ತನ್ನು ಎಲ್ಲಿಗೆ, ಯಾವ ಕೆಲಸಕ್ಕಾಗಿ ಕೊಡುತ್ತೇವೆ ಎಂಬುದು ನಮಗೆ ಸ್ಪಷ್ಟವಾಗಿರಬೇಕು.

ಹಳೆಯ ಕ್ರಮದಲ್ಲಿ ವಿದ್ಯುತ್ತು ಸ್ನಾಯುವಿಗೆ ಹೋಗುವ ನರವನ್ನು ನೇರವಾಗಿ ಕೆರಳಿಸಿ ಚಲನೆಯನ್ನು ತಾನೇ ಉಂಟುಮಾಡುತ್ತದೆ. 1961ರಲ್ಲಿ ಅಮೆರಿಕದ ವೈದ್ಯ ಲಿಬರ್ಸನ್ ಮತ್ತು ಸಂಗಡಿಗರು ಪಾರ್ಶ್ವವಾಯು ರೋಗಿಗಳ ಜೋತುಬಿದ್ದ ಪಾದವನ್ನು ನಡೆಯುವಾಗ ಮೇಲೆತ್ತಿಸಿದ್ದು ಹೀಗೆಯೇ. ಬೆನ್ನುಹುರಿಯಿಂದ ಸ್ನಾಯುವಿನವರೆಗಿನ ಚಾಲಕ ನರ ಜೀವಂತವಾಗಿದ್ದರೆ ಮಾತ್ರ ಇದು ಫಲಿಸುತ್ತದೆ. ಈ ಷರತ್ತನ್ನು ನಾವು ಹಗುರವಾಗಿ ಓದಿಬಿಡುತ್ತೇವೆ. ಆದರೆ ಎತ್ತರದಿಂದ ಬಿದ್ದವರಲ್ಲಿ ಎದೆಯ ಕೊನೆಯ ಮತ್ತು ಸೊಂಟದ ಮೊದಲ ಕಶೇರುಗಳು (ಬೆನ್ನುಮೂಳೆಯ ಮಣಿಗಳು) ಮುರಿಯುವುದು ಸಾಮಾನ್ಯ, ಬೆನ್ನುಹುರಿಯ ತುದಿ ಇರುವುದೂ ಅದೇ ಎತ್ತರದಲ್ಲಿ. ಅಲ್ಲಿನ ಚಾಲಕ ನರಕೋಶಗಳೇ ಸತ್ತಿದ್ದರೆ ಸ್ನಾಯು ಸಡಿಲಗೊಂಡು ಸೊರಗುತ್ತದೆ, ಸಾಮಾನ್ಯ ಪ್ರಚೋದಕಕ್ಕೆ ಅದು ಓಗೊಡುವುದಿಲ್ಲ. ಆದ್ದರಿಂದ ಯಂತ್ರವನ್ನು ಹಚ್ಚುವ ಮೊದಲು, ಚಾಲಕ ನರ ಉಳಿದಿದೆಯೇ ಎಂದು ತಿಳಿಯಲು, ಮೊಣಕಾಲಿನ ಮತ್ತು ಹಿಮ್ಮಡಿಯ ಪ್ರತಿವರ್ತನೆಗಳನ್ನು (ತಟ್ಟಿದಾಗ ಕಾಲು ತಾನಾಗಿ ಮಿಡಿಯುವುದನ್ನು) ಪರೀಕ್ಷಿಸುವುದು ಅಗತ್ಯವೆಂದು ನನ್ನ ದೃಢ ಅಭಿಪ್ರಾಯ.

ಹೊಸ ಕ್ರಮದಲ್ಲಿ ಬೆನ್ನುಮೂಳೆಯ ಮೇಲಿನ ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸುತ್ತಾರೆ: ಕಾಲಿಗಾದರೆ ಎದೆಯ 11 ಮತ್ತು 12ನೆಯ ಕಶೇರುಗಳ ಸುತ್ತಮುತ್ತ, ಕೈಗಾದರೆ ಕತ್ತಿನಲ್ಲಿ. ಶಸ್ತ್ರಕ್ರಿಯೆ ಬೇಕಿಲ್ಲ. ವಿದ್ಯುತ್ತು ಮುಖ್ಯವಾಗಿ ತಟ್ಟುವುದು ಬೆನ್ನುಹುರಿಯ ಹಿಂಬದಿಗೆ ಸೇರುವ ನರಬೇರುಗಳಲ್ಲಿರುವ ದಪ್ಪನೆಯ ಸಂವೇದನಾ ತಂತುಗಳನ್ನು. ಅವುಗಳ ಮೂಲಕ ಬೆನ್ನುಹುರಿಯೊಳಗಿನ ನರಕೋಶಗಳು ಎಚ್ಚರದ ಅಂಚಿಗೆ ಬರುತ್ತವೆ. ಗಾಯವಾದ ಜಾಗದಲ್ಲಿಯೂ ಅನೇಕರಲ್ಲಿ ಕೆಲವು ತಂತುಗಳು ಉಳಿದಿರುತ್ತವೆ, ಮೆದುಳಿನ ಆಜ್ಞೆ ಅವುಗಳಲ್ಲಿ ಕ್ಷೀಣವಾಗಿ ಇಳಿಯುತ್ತಲೂ ಇರಬಹುದು. ತೋಟದ ಕಾಲುವೆಯಲ್ಲಿ ಸಣ್ಣಗೆ ಹರಿಯುವ ನೀರು ಮಡಿಯ ಅಂಚನ್ನು ದಾಟಲಾರದೆ ನಿಂತಂತೆ ಆ ಆಜ್ಞೆ ನಿಂತಿರುತ್ತದೆ. ಪ್ರಚೋದನೆ ಆ ಅಂಚನ್ನು ತಗ್ಗಿಸುತ್ತದೆ, ನೀರನ್ನು ಹರಿಸಬೇಕಾದವರು ರೋಗಿಯೇ. ವಿದ್ಯುತ್ತು ಹರಿಯುತ್ತಿರುವಾಗಲೇ ಅವರು ಬೆರಳು ಮಡಚಲು, ಲೋಟ ಹಿಡಿಯಲು ಪ್ರಯತ್ನಿಸಬೇಕೆಂಬ ನಿಯಮಕ್ಕೆ ಕಾರಣ ಇದು.

ಕೈಯ ವಿಷಯದಲ್ಲಿ ಇದಕ್ಕೆ ದೊರೆತ ಪ್ರಮುಖ ಆಧಾರ 2024ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಅಪ್-ಲಿಫ್ಟ್ ಪ್ರಯೋಗ. ಕತ್ತಿನ ಭಾಗದಲ್ಲಿ ಗಾಯವಾಗಿದ್ದ 60 ಮಂದಿ ಮೊದಲು ಎರಡು ತಿಂಗಳು ವ್ಯಾಯಾಮ ಚಿಕಿತ್ಸೆಯನ್ನಷ್ಟೇ ಪಡೆದು, ಅನಂತರ ಎರಡು ತಿಂಗಳು ಅದರೊಂದಿಗೆ ಪ್ರಚೋದನೆಯನ್ನೂ ಪಡೆದರು. ಶಕ್ತಿ ಮತ್ತು ಕಾರ್ಯ ಎರಡರಲ್ಲೂ ಸುಧಾರಿಸಿದವರು ಶೇ. 72. ಗಾಯವಾಗಿ 34 ವರ್ಷಗಳಾಗಿದ್ದವರೂ ಆ ಗುಂಪಿನಲ್ಲಿದ್ದರು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೂ ಹುಸಿ ಪ್ರಚೋದನೆ (ನಿಜವಾದ ವಿದ್ಯುತ್ತಿಲ್ಲದ ತೋರಿಕೆಯ ಚಿಕಿತ್ಸೆ) ಪಡೆದ ಹೋಲಿಕೆ ಗುಂಪು ಅದರಲ್ಲಿರಲಿಲ್ಲ, ಅಳೆದದ್ದು ಕೈಯನ್ನು. ಅದೇ ಅಂಕಿಯನ್ನು ಕಾಲಿನ ನಡಿಗೆಗೆ ಅನ್ವಯಿಸಿ ಮನೆಯವರಿಗೆ ಹೇಳುವುದು ತಪ್ಪಾಗುತ್ತದೆ.



ಪ್ರಾಯೋಗಿಕ ಪರೀಕ್ಷೆಗೆ ಒಂದು ವಿಷಯ ಬಾಯಿಪಾಠವಾಗಿರಲಿ. ಬೆನ್ನುಹುರಿಯ ಎದೆ ಭಾಗದ 6ನೆಯ ಮಟ್ಟ ಅಥವಾ ಅದಕ್ಕಿಂತ ಮೇಲೆ ಗಾಯವಿರುವವರಲ್ಲಿ ಪ್ರಚೋದನೆಯ ವೇಳೆ ರಕ್ತದೊತ್ತಡ ಹಠಾತ್ತನೆ ಏರಬಹುದು. ತಲೆ ಸಿಡಿಯುತ್ತದೆಂದರೆ, ಮುಖ ಕೆಂಪೇರಿ ಬೆವರಿದರೆ, ಕೂಡಲೇ ವಿದ್ಯುತ್ತನ್ನು ನಿಲ್ಲಿಸಿ, ರೋಗಿಯನ್ನು ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಕೊಳವೆ ಮಡಚಿದೆಯೇ ಎಂದು ನೋಡಿ, ವೈದ್ಯರನ್ನು ಕರೆಯಬೇಕು.